ಉರಿಯೂತ ಸೂಚಕಗಳು: ನ್ಯುಮೋನಿಯಾದಿಂದ ಕೋವಿಡ್‌ವರೆಗೆ

ಉರಿಯೂತದ ಸೂಚಕವಾದ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಮೊದಲು ಪತ್ತೆಯಾದದ್ದು ಶ್ವಾಸಕೋಶದ ಕಾಯಿಲೆಯಲ್ಲೇ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ಸೀರಮ್ಮಿಗೆ ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ತೆಗೆದ 'ಸಿ' ಎಂಬ ಅಂಶವನ್ನು ಬೆರೆಸಿದರು. ದ್ರಾವಣದಲ್ಲಿ ಗಷ್ಟು ಕಟ್ಟಿತು. ರೋಗಿ ಚೇತರಿಸಿಕೊಂಡ ಮೇಲೆ ಅದೇ ಪರೀಕ್ಷೆ ಮಾಡಿದರೆ ಗಷ್ಟೇ ಇಲ್ಲ! 'ಸಿ'ಗೆ ಪ್ರತಿಕ್ರಿಯಿಸುವ ಪ್ರೋಟೀನು ಎಂಬ ಹೆಸರು ಬಂದದ್ದು ಹೀಗೆ.

ಇದು ನ್ಯುಮೋನಿಯಾಕ್ಕಷ್ಟೇ ಮೀಸಲಲ್ಲವೆಂದು ಬೇಗನೆ ತಿಳಿಯಿತು. ದೇಹದಲ್ಲಿ ಎಲ್ಲಿ ಉರಿಯೂತವಾದರೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಯಕೃತ್ತನ್ನು ಎಬ್ಬಿಸುತ್ತದೆ. ಯಕೃತ್ತು ಸಿಆರ್‌ಪಿಯನ್ನು ರಕ್ತಕ್ಕೆ ಬಿಡುತ್ತದೆ. ಆ ಸಂದೇಶವಾಹಕದ ಜೀನನ್ನು 1986ರಲ್ಲಿ ಗುರುತಿಸಿದವರು ಜಪಾನಿನ ತದಾಮಿತ್ಸು ಕಿಶಿಮೊಟೊ ಮತ್ತು ತೊಶಿಯೊ ಹಿರಾನೊ ಅವರ ತಂಡ. ಅದರ ಕೆಲಸವನ್ನು ತಡೆಯುವ ಟೊಸಿಲಿಜುಮ್ಯಾಬ್ ಔಷಧ ಮುಂದೆ ಸಂಧಿವಾತದ ಚಿಕಿತ್ಸೆಗೆ ಬಂತು.

ಕೋವಿಡ್ ಬಂದಾಗ ಈ ಸೂಚಕಗಳತ್ತ ಮತ್ತೆ ಗಮನ ಹರಿಯಿತು. 2020ರ ಮಾರ್ಚಿನಲ್ಲಿ ವುಹಾನಿನ ಎರಡು ಆಸ್ಪತ್ರೆಗಳ 191 ಕೋವಿಡ್ ರೋಗಿಗಳ ವಿವರ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಅವರಲ್ಲಿ 54 ಮಂದಿ ಬದುಕಲಿಲ್ಲ. ದಾಖಲಾಗುವಾಗಲೇ, ರಕ್ತ ಹೆಪ್ಪುಗಟ್ಟುವಿಕೆಯನ್ನು ಸೂಚಿಸುವ ಡಿ-ಡೈಮರ್ ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಮೀರಿದ್ದವರಿಗೆ ಸಾವಿನ ಅಪಾಯ ಹೆಚ್ಚಿತ್ತು. ತೀರಿಕೊಂಡವರಲ್ಲಿ ಕಬ್ಬಿಣ ಕೂಡಿಡುವ ಪ್ರೋಟೀನಾದ ಫೆರಿಟಿನ್, ಇಂಟರ್‌ಲ್ಯೂಕಿನ್-6 ಕೂಡ ಏರಿದ್ದವು. ಆದರೆ ಅಂಕಿಯೊಂದೇ ಸಾಲದು. ಅದೇ ವರ್ಷ ಸಾವಿನ ಅಪಾಯ ಅಂದಾಜಿಸಲು ಬ್ರಿಟನ್ನಿನ ಸಂಶೋಧಕರು ರೂಪಿಸಿದ '4ಸಿ' ಅಂಕಪಟ್ಟಿಯಲ್ಲಿ ಒಟ್ಟು 21 ಅಂಕ. ವಯಸ್ಸಿಗೆ 7ರವರೆಗೆ ಸಿಕ್ಕರೆ ಸಿಆರ್‌ಪಿಗೆ ಹೆಚ್ಚೆಂದರೆ 2.

ಹಾಗಿದ್ದರೂ ಸಿಆರ್‌ಪಿಯ ಅಂಕಿ ಜೀವ ಉಳಿಸುವ ನಿರ್ಧಾರಕ್ಕೆ ನೆರವಾಯಿತು. ಕೋವಿಡ್ ಚಿಕಿತ್ಸೆಗಳನ್ನು ಪರೀಕ್ಷಿಸಿದ ಬ್ರಿಟನ್ನಿನ 'ರಿಕವರಿ' ಪ್ರಯೋಗದ ಒಂದು ಭಾಗಕ್ಕೆ ರಕ್ತದ ಆಮ್ಲಜನಕ ಕುಸಿದ, ಸಿಆರ್‌ಪಿ ಲೀಟರಿಗೆ 75 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದ 4,116 ರೋಗಿಗಳನ್ನು ಆರಿಸಲಾಯಿತು. 28 ದಿನಗಳಲ್ಲಿ ಟೊಸಿಲಿಜುಮ್ಯಾಬ್ ಪಡೆದವರ ಪೈಕಿ ಶೇ. 31ರಷ್ಟು, ಪಡೆಯದವರ ಪೈಕಿ ಶೇ. 35ರಷ್ಟು ಮಂದಿ ತೀರಿಕೊಂಡರು. ನೂರಕ್ಕೆ ನಾಲ್ಕು ಜೀವ ಎಂಬುದು ಸಣ್ಣ ಮಾತಲ್ಲ. ಇದೇ ಪ್ರಯೋಗ ಅದಕ್ಕೂ ಮೊದಲು, 2020ರ ಜೂನಿನಲ್ಲಿ, ಅಗ್ಗದ ಸ್ಟಿರಾಯ್ಡ್ ಆದ ಡೆಕ್ಸಾಮೆಥಾಸೋನ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿಸುತ್ತದೆ ಎಂದು ತೋರಿಸಿತ್ತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಮಾತ್ರ ಅದರಿಂದ ಪ್ರಯೋಜನ ಕಾಣಲಿಲ್ಲ.

ಎರಡನೇ ಅಲೆಯ ಹೊತ್ತಿಗೆ ಭಾರತದಲ್ಲಿ ಈ ಕೊನೆಯ ಮಾತೇ ಮರೆತುಹೋಯಿತು. ಮನೆಯಲ್ಲೇ ಗುಣವಾಗಬಹುದಾದವರೂ ಸಿಆರ್‌ಪಿ, ಡಿ-ಡೈಮರ್ ರಿಪೋರ್ಟುಗಳನ್ನು ವಾಟ್ಸಾಪಿನಲ್ಲಿ ಕಳಿಸಿಕೊಂಡು ಕಂಗಾಲಾದರು. ಹಲ್ಲಿನ ಕೀವಿಗೂ ಸಿಆರ್‌ಪಿ ಏರುತ್ತದೆ ಎಂದು ಅವರಿಗೆ ಬಿಡಿಸಿ ಹೇಳುವಷ್ಟು ಪುರುಸೊತ್ತು ವೈದ್ಯರಿಗೆ ಆಗ ಎಲ್ಲಿತ್ತು? 2021ರ ಮೇ ತಿಂಗಳಲ್ಲಿ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ, ಸೌಮ್ಯ ಲಕ್ಷಣದವರಿಗೆ ಈ ಪರೀಕ್ಷೆಗಳಾಗಲಿ ಸ್ಟಿರಾಯ್ಡ್ ಆಗಲಿ ಬೇಡವೆಂದು ಬಹಿರಂಗವಾಗಿ ಎಚ್ಚರಿಸಿದರು. ಅದೇ ತಿಂಗಳು ಕರ್ನಾಟಕದ ಆಸ್ಪತ್ರೆಗಳಿಗೂ ಕಪ್ಪು ಶಿಲೀಂಧ್ರ ಸೋಂಕಿನ ರೋಗಿಗಳು ಬರತೊಡಗಿದರು. ಮಧುಮೇಹ ಮತ್ತು ಸ್ಟಿರಾಯ್ಡ್ ಬಳಕೆ, ಇವೆರಡೂ ಅವರಲ್ಲಿ ಹಲವರ ಕೇಸ್ ಶೀಟಿನಲ್ಲಿದ್ದವು.