ಐಟಿಆರ್-ವಿ ಅಂಚೆಗೆ ಹಾಕುವವರಿಗೆ: ರಸೀದಿಯೊಂದೇ ಸಾಲದು

ಸರೋಜಿನಿ ನಗರದ ಕನ್ನಡಿಗರು ಊರಿಗೆ ಕಾಗದ ಬರೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದಾರೆ. ಆದರೂ ಒಂದು ಕಾಗದ ಇಂದಿಗೂ ಇಲ್ಲಿಂದ ಬೆಂಗಳೂರಿಗೆ ಹೋಗುತ್ತದೆ. ಅದು ಆದಾಯ ತೆರಿಗೆ ವಿವರಣೆಯ ಪರಿಶೀಲನಾ ಪತ್ರ, ಅಂದರೆ ಐಟಿಆರ್-ವಿ. ಆಧಾರ್ ಒಟಿಪಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ದೃಢೀಕರಿಸಲಾಗದವರು, ವಿಶೇಷವಾಗಿ ನಮ್ಮ ಹಿರಿಯ ಪಿಂಚಣಿದಾರರು, ಇದನ್ನೇ ಅವಲಂಬಿಸಿದ್ದಾರೆ. ಬ್ಯಾಂಕಿನ ಕೌಂಟರಿನಲ್ಲಿ ಅವರ ಪ್ರಶ್ನೆಗಳಿಗೆ ಉತ್ತರಿಸುತ್ತ ಬಂದಿರುವ ನಾವು ಕೆಲವು ಅಂಶಗಳನ್ನು ಇಲ್ಲಿ ಕ್ರೋಡೀಕರಿಸಿದ್ದೇವೆ.

ಯಾವ ದಿನಾಂಕ ಲೆಕ್ಕಕ್ಕೆ?

ಮೊದಲು 120 ದಿನಗಳ ಕಾಲಾವಕಾಶವಿತ್ತು. 2022ರ ಆಗಸ್ಟ್ 1ರಿಂದ ಅದು 30 ದಿನಗಳಿಗೆ ಇಳಿಯಿತು. ಆಗ ಸ್ಪೀಡ್ ಪೋಸ್ಟ್‌ಗೆ ಹಾಕಿದ ದಿನವನ್ನೇ ಪರಿಗಣಿಸಲಾಗುತ್ತಿತ್ತು. 2024ರ ಮಾರ್ಚ್ 31ರ ಅಧಿಸೂಚನೆ ಇದನ್ನು ಬದಲಿಸಿತು. ಪತ್ರವು ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ತಲುಪಿದ ದಿನವೇ ಈಗ ಮುಖ್ಯ. ಹಳೆಯ ನಿಯಮವನ್ನೇ ನಂಬಿ ಕೊನೆಯ ದಿನ ಅಂಚೆ ಕಚೇರಿಗೆ ಧಾವಿಸುವವರು ಇನ್ನೂ ಇದ್ದಾರೆ.

ಉದಾಹರಣೆಗೆ, ಜುಲೈ 31 ಕಡೆಯ ದಿನವಾಗಿದ್ದು, ವಿವರಣೆಯನ್ನು ಜುಲೈ 25ರಂದು ಗಣಕದ ಮೂಲಕ ಸಲ್ಲಿಸಿದಿರೆನ್ನಿ. ಪತ್ರ ಆಗಸ್ಟ್ 24ರೊಳಗೆ ತಲುಪಿದರೆ ಜುಲೈ 25ರಂದೇ ಸಲ್ಲಿಸಿದಂತೆ. ಆಗಸ್ಟ್ 27ಕ್ಕೆ ತಲುಪಿದರೆ ಅಂದೇ ಸಲ್ಲಿಸಿದಂತೆ, ಅರ್ಥಾತ್ ತಡವಾದಂತೆ. 1961ರ ಕಾಯ್ದೆಯ 234ಎಫ್ ಕಲಮಿನ ಪ್ರಕಾರ ಇದಕ್ಕೆ 5,000 ರೂಪಾಯಿ ಶುಲ್ಕವುಂಟು. ಒಟ್ಟು ಆದಾಯ 5 ಲಕ್ಷ ಮೀರದಿದ್ದರೆ 1,000 ರೂಪಾಯಿ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ತಡವಾದ ವಿವರಣೆಯಲ್ಲಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳಲಾಗದು. 80ಸಿ ಮೊದಲಾದ ವಿನಾಯಿತಿಗಳು ಕೈತಪ್ಪುತ್ತವೆ.

ಕಳುಹಿಸುವ ಕ್ರಮ

ಪತ್ರವನ್ನು ಎ4 ಹಾಳೆಯಲ್ಲಿ ಸ್ಪಷ್ಟವಾಗಿ ಮುದ್ರಿಸಿ, ನೀಲಿ ಶಾಯಿಯಲ್ಲಿ ಸಹಿ ಮಾಡತಕ್ಕದ್ದು. ಬಾರ್‌ಕೋಡಿನ ಮೇಲೆ ಸಹಿ, ಮಡಿಕೆ, ಪಿನ್ನು ಬೀಳಬಾರದು. ಬೇರೆ ದಾಖಲೆಗಳನ್ನು ಜೊತೆಗಿಡುವುದು ಬೇಡ. ವಿಳಾಸ: ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್, ಆದಾಯ ತೆರಿಗೆ ಇಲಾಖೆ, ಬೆಂಗಳೂರು 560500. ಸರೋಜಿನಿ ನಗರದ ಪ್ರಧಾನ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿಸಬಹುದು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ವಿವರಣೆ ಸಲ್ಲಿಸಿದ ಮರುದಿನವೇ ಅಂಚೆಗೆ ಹಾಕುವುದು ಕ್ಷೇಮ.

ಪುರಾವೆಯ ಮೂರು ಮೆಟ್ಟಿಲು

ಮೊದಲನೆಯದು ಅಂಚೆ ರಸೀದಿ. ಇದು ಕಳುಹಿಸಿದ್ದಕ್ಕೆ ಮಾತ್ರ ಸಾಕ್ಷಿ. ಶಾಖದಿಂದ ಮುದ್ರಿತವಾದ ರಸೀದಿಯ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಅಂದೇ ಅದರ ನೆರಳಚ್ಚು ತೆಗೆದಿಡಿ. ಎರಡನೆಯದು ತಲುಪಿದ ವಿವರ. ರಸೀದಿಯಲ್ಲಿರುವ 13 ಅಂಕಿ-ಅಕ್ಷರಗಳ ಸಂಖ್ಯೆಯಿಂದ ಅಂಚೆ ಇಲಾಖೆಯ ತಾಣದಲ್ಲಿ ಇದನ್ನು ನೋಡಿ ಮುದ್ರಿಸಿಕೊಳ್ಳಬೇಕು. ಮೂರನೆಯದು, ಎಲ್ಲಕ್ಕಿಂತ ಬಲವಾದದ್ದು, ತೆರಿಗೆ ಇಲಾಖೆಯದೇ ಸ್ವೀಕೃತಿ. ಇ-ಫೈಲಿಂಗ್ ತಾಣದಲ್ಲಿ ನಿಮ್ಮ ವಿವರಣೆ 'ದೃಢೀಕೃತ' ಎಂದು ಕಾಣುವವರೆಗೆ ಕೆಲಸ ಮುಗಿಯಿತೆಂದು ಭಾವಿಸಬಾರದು.

ಇಪ್ಪತ್ತು ದಿನಗಳಾದರೂ ಸ್ವೀಕೃತಿ ಕಾಣದಿದ್ದರೆ ಕಾಯುತ್ತ ಕೂರಬೇಡಿ. ಉಳಿದ ದಿನಗಳಲ್ಲಿ ಮಗನೋ ಮಗಳೋ ನೆರೆಯವರೋ ನೆರವಾದರೆ ಇ-ದೃಢೀಕರಣ ಕೆಲವೇ ನಿಮಿಷಗಳ ಕೆಲಸ. ಅವಧಿ ಮೀರಿಯೇಹೋದರೆ ಅದೇ ತಾಣದಲ್ಲಿ ವಿಳಂಬ ಮನ್ನಾ ಕೋರಿ ಅರ್ಜಿ ಸಲ್ಲಿಸಬಹುದು. ಮೇಲಿನ ಕಾಗದಗಳು ಪ್ರಯೋಜನಕ್ಕೆ ಬರುವುದು ಆಗಲೇ.