ಬೆಂಗಳೂರಿನಲ್ಲಿ ಪ್ರಯಾಣಿಕರ ವೈಯಕ್ತಿಕ ಸುರಕ್ಷತೆ

ಬೆಂಗಳೂರಿನಲ್ಲಿ ಪ್ರಯಾಣಿಕರ ವೈಯಕ್ತಿಕ ಸುರಕ್ಷತೆ ಎಂಬುದು ಚಿಕಿತ್ಸೆ, ಪರೀಕ್ಷೆ, ವ್ಯಾಪಾರ, ಕಚೇರಿ ಕೆಲಸ ಅಥವಾ ಪ್ರವಾಸದ ನಿಮಿತ್ತ ಹೊರ ಊರುಗಳಿಂದ ರಾಜಧಾನಿಗೆ ಬಂದು ಕೆಲವೇ ದಿನ ತಂಗುವವರ ಜೀವ, ಹಣ, ಒಡವೆ ಮತ್ತು ದಾಖಲೆಗಳ ರಕ್ಷಣೆಗೆ ಸಂಬಂಧಿಸಿದ ವಿಷಯ. ನಗರದ ಖಾಯಂ ನಿವಾಸಿಗಳು ಎದುರಿಸುವ ಅಪಾಯಗಳಿಗೂ ಹೊಸಬರು ಎದುರಿಸುವ ಅಪಾಯಗಳಿಗೂ ವ್ಯತ್ಯಾಸವಿದೆ. ಹೊಸಬರಿಗೆ ದಾರಿ ತಿಳಿದಿರುವುದಿಲ್ಲ, ನ್ಯಾಯವಾದ ದರ ಗೊತ್ತಿರುವುದಿಲ್ಲ, ರಾತ್ರಿಯ ಪ್ರಯಾಣದಿಂದ ದೇಹ ದಣಿದಿರುತ್ತದೆ. ಅವರಿಗೆ ಆಗುವ ನಷ್ಟಗಳಲ್ಲಿ ಬಲಪ್ರಯೋಗಕ್ಕಿಂತ ಈ ಅಪರಿಚಯ ಮತ್ತು ಅವಸರಗಳ ಪಾಲು ದೊಡ್ಡದು. ಈ ಲೇಖನವು ಮುಖ್ಯವಾಗಿ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಕಡೆಯಿಂದ ಬರುವ ಪ್ರಯಾಣಿಕರನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ.

ಹಿನ್ನೆಲೆ

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂತಹ ಗ್ರಾಮದಿಂದ ಬೆಂಗಳೂರಿಗೆ ಹೊರಟವರು ಮೊದಲು ರಾಣೆಬೆನ್ನೂರಿಗೆ ಬಂದು, ಅಲ್ಲಿಂದ ಸುಮಾರು 300 ಕಿ.ಮೀ. ದೂರವನ್ನು ಬಸ್ಸು ಅಥವಾ ರೈಲಿನಲ್ಲಿ ಕ್ರಮಿಸುತ್ತಾರೆ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಮತ್ತು ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗ ಎರಡೂ ರಾಣೆಬೆನ್ನೂರಿನ ಮೂಲಕವೇ ಹಾದುಹೋಗುತ್ತವೆ. ಹೊಲದ ಕೆಲಸ ಕೆಡಬಾರದು, ವಸತಿಗೃಹದ ಖರ್ಚು ಉಳಿಯಬೇಕು ಎಂಬ ಕಾರಣಕ್ಕೆ ಬಹುಪಾಲು ಜನ ರಾತ್ರಿ ಪ್ರಯಾಣವನ್ನೇ ಆರಿಸಿಕೊಳ್ಳುತ್ತಾರೆ. ಹಗಲು ಕೆಲಸ ಮುಗಿಸಿಕೊಂಡು ಮತ್ತೆ ರಾತ್ರಿ ಬಸ್ಸು ಹಿಡಿಯುವುದು ವಾಡಿಕೆ. ಈ ವಾಡಿಕೆಯಿಂದಾಗಿ ಪ್ರಯಾಣಿಕರು ಎರಡು ರಾತ್ರಿ ಸರಿಯಾಗಿ ನಿದ್ರೆಯಿಲ್ಲದೆ, ನಡುವಿನ ಒಂದು ಹಗಲನ್ನು ಅಪರಿಚಿತ ನಗರದಲ್ಲಿ ಕಳೆಯುತ್ತಾರೆ. ಸುರಕ್ಷತೆಯ ಪ್ರಶ್ನೆ ಹುಟ್ಟುವುದೇ ಇಲ್ಲಿ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತ ಮೇಲೆ, ಹಿಂದೆ ಮನೆಯ ಗಂಡಸರ ಜೊತೆಗಷ್ಟೇ ದೂರದ ಊರಿಗೆ ಹೊರಡುತ್ತಿದ್ದ ಮಹಿಳೆಯರಿಗೂ ಒಬ್ಬೊಬ್ಬರಾಗಿ ಅಥವಾ ಗುಂಪಾಗಿ ಬೆಂಗಳೂರಿಗೆ ಬಂದುಹೋಗುವುದು ಸುಲಭವಾಗಿದೆ. ನಗರದ ಬಗ್ಗೆ ಹಳ್ಳಿಯಲ್ಲಿ ಕೇಳಿಬರುವ ಭಯದ ಕಥೆಗಳು ಅವರಿಗೆ ಹೆಚ್ಚಿನ ಉಪಕಾರ ಮಾಡಿಲ್ಲ. ನಿರ್ದಿಷ್ಟ ತಿಳಿವಳಿಕೆಯೇ ಉಪಯುಕ್ತ.

ಹೆದ್ದಾರಿಯ ಅಪಾಯ

ನಗರದ ಕಳ್ಳರ ಬಗ್ಗೆ ಎಚ್ಚರಿಸುವ ಹಿರಿಯರು ರಸ್ತೆಯ ಬಗ್ಗೆ ಎಚ್ಚರಿಸುವುದು ಕಡಿಮೆ. ಆದರೆ ಜೀವಹಾನಿಯ ದೃಷ್ಟಿಯಿಂದ ನೋಡಿದರೆ ಪ್ರಯಾಣವೇ ಈ ಭೇಟಿಯ ಅತ್ಯಂತ ಅಪಾಯಕರ ಭಾಗ. 2013ರ ನವೆಂಬರ್ 14ರ ಬೆಳಗಿನ ಜಾವ ಬೆಂಗಳೂರಿನಿಂದ ಮುಂಬಯಿಗೆ ಹೋಗುತ್ತಿದ್ದ ಖಾಸಗಿ ಬಸ್ಸೊಂದು ಹಾವೇರಿ ಜಿಲ್ಲೆಯಲ್ಲಿ ಅಪಘಾತಕ್ಕೀಡಾಗಿ ಬೆಂಕಿ ಹೊತ್ತಿಕೊಂಡು 7 ಮಂದಿ ಮೃತಪಟ್ಟರು. 2024ರ ಜೂನ್ 28ರಂದು, ಅದೂ ಬೆಳಗಿನ ಜಾವದಲ್ಲೇ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ತೀರ್ಥಯಾತ್ರೆ ಮುಗಿಸಿ ಮರಳುತ್ತಿದ್ದವರ ವಾಹನ ನಿಂತಿದ್ದ ಲಾರಿಗೆ ಡಿಕ್ಕಿ ಹೊಡೆದು 13 ಮಂದಿ ಅಸುನೀಗಿದರು.

ಬಸ್ಸು ಹತ್ತಿದೊಡನೆ ತುರ್ತು ನಿರ್ಗಮನ ದ್ವಾರ ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ಇದೆಯೇ ಎಂದು ನೋಡಿಕೊಳ್ಳುವುದು ಅರ್ಧ ನಿಮಿಷದ ಕೆಲಸ. ಬಾಡಿಗೆ ವಾಹನದಲ್ಲಿ ರಾತ್ರಿ ಹೊರಡುವವರು ಚಾಲಕ ಹಗಲು ನಿದ್ರಿಸಿದ್ದಾನೆಯೇ ಎಂದು ವಿಚಾರಿಸುವುದು ಅಗತ್ಯ. ಇದನ್ನು ಕೇಳಲು ಸಂಕೋಚ ಪಡುವವರೇ ಹೆಚ್ಚು. ರೈಲು ಪ್ರಯಾಣ ಈ ದೃಷ್ಟಿಯಿಂದ ಹೆಚ್ಚು ಕ್ಷೇಮಕರವಾದರೂ ಅಲ್ಲಿ ಮಲಗಿದವರ ಚೀಲ, ಮೊಬೈಲುಗಳ ಕಳವಿನ ಭಯವಿದೆ. ಚೀಲವನ್ನು ಸೀಟಿನ ಕೆಳಗಿನ ಕೊಂಡಿಗೆ ಸರಪಳಿಯಿಂದ ಬಿಗಿಯುವ ಹಳೆಯ ಪದ್ಧತಿ ಇಂದಿಗೂ ಪರಿಣಾಮಕಾರಿ. ರೈಲಿನಲ್ಲಿ ನೆರವಿಗೆ 139 ಸಂಖ್ಯೆಗೆ ಕರೆ ಮಾಡಬಹುದು.

ಬೆಳಗಿನ ಜಾವದ ಆಗಮನ

ಕೆಂಪೇಗೌಡ ಬಸ್ ನಿಲ್ದಾಣವು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ. ಸಮೀಪದಲ್ಲಿದ್ದ ಚಿತ್ರಮಂದಿರದ ಹೆಸರಿನಿಂದ ಆ ಪ್ರದೇಶಕ್ಕೆಲ್ಲ ಮೆಜೆಸ್ಟಿಕ್ ಎಂಬ ಹೆಸರು ನಿಂತಿದೆ. ಎದುರಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ, ಪಕ್ಕದಲ್ಲಿ ನಗರ ಸಾರಿಗೆಯ ನಿಲ್ದಾಣ, ನೆಲದಡಿಯಲ್ಲಿ ಮೆಟ್ರೊ. ಹೀಗೆ ಎಲ್ಲ ದಾರಿಗಳೂ ಕೂಡುವ ಸ್ಥಳವಾದುದರಿಂದ ಹೊಸಬರನ್ನು ಹುಡುಕುವವರಿಗೂ ಇದೇ ಅನುಕೂಲದ ಜಾಗ.

ಹಾವೇರಿ ಕಡೆಯ ರಾತ್ರಿ ಬಸ್ಸುಗಳು ಅನೇಕ ವೇಳೆ ನಸುಕಿನ 4 ಗಂಟೆಯಿಂದ 5 ಗಂಟೆಯೊಳಗೆ ಇಲ್ಲಿಗೆ ತಲುಪುತ್ತವೆ. ಬೆಂಗಳೂರಿನಲ್ಲಿ ವರ್ಷದ ಯಾವ ಕಾಲದಲ್ಲೂ ಸೂರ್ಯೋದಯ ಸುಮಾರು 5.50ಕ್ಕಿಂತ ಮುಂಚೆ ಆಗುವುದಿಲ್ಲ. ಚಳಿಗಾಲದ ಕೊನೆಯಲ್ಲಿ 6.45ರವರೆಗೂ ಹೋಗುತ್ತದೆ. ಎಂದರೆ ಬಸ್ಸಿಳಿದ ಪ್ರಯಾಣಿಕರ ಮುಂದೆ ಒಂದರಿಂದ ಎರಡು ಗಂಟೆಗಳ ಕತ್ತಲೆ ಇರುತ್ತದೆ. ಈ ಅವಧಿಯನ್ನು ನಿಲ್ದಾಣದ ಒಳಗೆ, ದೀಪವಿರುವ, ಇತರ ಕುಟುಂಬಗಳು ಕುಳಿತಿರುವ ಕಡೆ ಕಳೆಯುವುದು ಎಲ್ಲಕ್ಕಿಂತ ಸರಳವಾದ ರಕ್ಷಣೆ. ಆಸ್ಪತ್ರೆಯಾಗಲಿ ಕಚೇರಿಯಾಗಲಿ ಆ ಹೊತ್ತಿಗೆ ತೆರೆದಿರುವುದಿಲ್ಲವಾದ್ದರಿಂದ ಹೊರಗೆ ಧಾವಿಸುವುದರಿಂದ ಲಾಭವೂ ಇಲ್ಲ.

ಬಸ್ಸು ನಿಲ್ಲುವ ಮೊದಲೇ ಬಾಗಿಲ ಬಳಿ ಬಂದು "ಎಲ್ಲಿಗೆ, ಅಣ್ಣಾ?" ಎಂದು ಕೇಳುವವರಿಗೆ ಹೋಗುವ ಸ್ಥಳದ ಹೆಸರು ಹೇಳಬೇಕಾಗಿಲ್ಲ. ಸ್ಥಳ ಹೇಳಿದೊಡನೆ ಬಂದವರು ಹೊಸಬರೆಂಬುದು ತಿಳಿದುಹೋಗುತ್ತದೆ. ಕಡಿಮೆ ದರದ ಕೋಣೆ ತೋರಿಸುವುದಾಗಿ ಕರೆದೊಯ್ಯುವವರ ಹಿಂದೆ ಹೋಗದೆ, ವಸತಿಯನ್ನು ಊರಿನಲ್ಲಿರುವಾಗಲೇ ಪರಿಚಿತರ ಮೂಲಕ ಗೊತ್ತುಮಾಡಿಕೊಳ್ಳುವುದು ಲೇಸು.

ಆಟೊರಿಕ್ಷಾ ದರದ ವಿಷಯದಲ್ಲಿ ಜಗಳಗಳು ಹೆಚ್ಚು. 2025ರ ಆಗಸ್ಟ್ 1ರಿಂದ ನಗರದಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ನಂತರದ ಪ್ರತಿ ಕಿ.ಮೀ.ಗೆ 18 ರೂಪಾಯಿ ಮೀಟರ್ ದರವಿದೆ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಇದರ ಒಂದೂವರೆ ಪಟ್ಟು ಕೇಳುವುದು ನಿಯಮಬದ್ಧ. 6 ಕಿ.ಮೀ. ದೂರಕ್ಕೆ ಹಗಲಿನಲ್ಲಿ 108 ರೂಪಾಯಿ ಆದರೆ 5 ಗಂಟೆಗೆ ಮೊದಲು 162 ರೂಪಾಯಿ ಆಗುತ್ತದೆ. ಇದನ್ನು ಅರಿಯದವರು ಪ್ರಾಮಾಣಿಕ ಚಾಲಕನನ್ನು ವಂಚಕನೆಂದೂ, ಮುನ್ನೂರು ಕೇಳಿದವನನ್ನು ಸಜ್ಜನನೆಂದೂ ಭಾವಿಸುವುದುಂಟು. ಆಟೊ ಹತ್ತುವಾಗ ಚಾಲಕನ ಆಸನದ ಹಿಂದೆ ತೂಗುಹಾಕಿರುವ ಗುರುತಿನ ಫಲಕವನ್ನೂ ವಾಹನದ ಸಂಖ್ಯೆಯನ್ನೂ ಗಮನಿಸಿ ಮನೆಯವರಿಗೆ ತಿಳಿಸುವುದು ರೂಢಿಯಾಗಬೇಕು.

ಮೆಟ್ರೊ ರೈಲು ಸಾಮಾನ್ಯ ದಿನಗಳಲ್ಲಿ ಬೆಳಿಗ್ಗೆ 5 ಗಂಟೆಯ ಸುಮಾರಿಗೆ ಆರಂಭವಾಗುತ್ತದೆ, ಭಾನುವಾರ ತಡವಾಗುತ್ತದೆ. ತುಮಕೂರು ರಸ್ತೆಯ ಮೂಲಕ ಬರುವವರು ಪೀಣ್ಯ ಅಥವಾ ಯಶವಂತಪುರದ ಬಳಿ ಇಳಿದು ಹಸಿರು ಮಾರ್ಗವನ್ನು ಹಿಡಿಯಬಹುದು. ಆದರೆ ಕತ್ತಲಿರುವಾಗ ಹೆದ್ದಾರಿಯ ಬದಿಯಲ್ಲಿ ಇಳಿಯುವುದಕ್ಕಿಂತ ಕೊನೆಯ ನಿಲ್ದಾಣದವರೆಗೆ ಹೋಗುವುದೇ ಉತ್ತಮ.

ಕಳವು ಮತ್ತು ವಂಚನೆಯ ರೀತಿಗಳು

ಜೇಬುಗಳ್ಳತನ ನಡೆಯುವುದು ಮುಖ್ಯವಾಗಿ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ. ಬಸ್ಸಿನೊಳಗೆ ಕಳೆದುಹೋಯಿತೆಂದು ಪ್ರಯಾಣಿಕರು ಭಾವಿಸುವ ಹಣ ಅನೇಕ ಸಲ ಮೆಟ್ಟಿಲ ಮೇಲೆಯೇ ಹೋಗಿರುತ್ತದೆ. ಕೈಚೀಲದ ಬಾಯಿ ಮುಚ್ಚಿ ಎದೆಗೆ ಒತ್ತಿ ಹಿಡಿಯುವುದು, ದಿನದ ಖರ್ಚಿನ ಹಣವನ್ನು ಉಳಿದ ಹಣದಿಂದ ಬೇರೆ ಇಡುವುದು ಸಾಕಷ್ಟು ರಕ್ಷಣೆ ಕೊಡುತ್ತದೆ. ಹಿರಿಯರು ಬಳಸುತ್ತಿದ್ದ ಒಳಜೇಬಿನ ಬನಿಯನ್ ಮತ್ತು ಸೊಂಟದ ಎಲೆಅಡಿಕೆ ಚೀಲಗಳ ಹಿಂದಿನ ವಿವೇಕ ಇದೇ ಆಗಿತ್ತು.

ಗಮನ ಬೇರೆಡೆ ಸೆಳೆದು ದೋಚುವುದು ಇನ್ನೊಂದು ರೀತಿ. ನೆಲದ ಮೇಲೆ ಹತ್ತಿಪ್ಪತ್ತು ರೂಪಾಯಿಯ ನೋಟುಗಳನ್ನು ಚೆಲ್ಲಿ "ನಿಮ್ಮ ಹಣ ಬಿತ್ತು" ಎನ್ನುತ್ತಾರೆ. ಅಂಗಿಯ ಮೇಲೆ ಹೊಲಸು ಬಿದ್ದಿದೆ ಎಂದು ತೋರಿಸುತ್ತಾರೆ. ಬಗ್ಗಿದವರ ಪಕ್ಕದಲ್ಲಿದ್ದ ಚೀಲವನ್ನು ಇನ್ನೊಬ್ಬ ಎತ್ತಿಕೊಂಡು ಹೋಗುತ್ತಾನೆ. ಇದರಲ್ಲಿ ಪಾಲ್ಗೊಳ್ಳುವವರು ಒಬ್ಬರಲ್ಲ, ಇಬ್ಬರು ಮೂವರು.

ವಯಸ್ಸಾದ ಮಹಿಳೆಯರನ್ನು ಗುರಿಯಾಗಿಸಿಕೊಂಡ ವಂಚನೆ ಹೆಚ್ಚು ಕ್ರೂರವಾದುದು. ಪೊಲೀಸರೆಂದು ಹೇಳಿಕೊಂಡು ಬಂದವರು "ಅಜ್ಜಿ, ಮುಂದಿನ ಬೀದಿಯಲ್ಲಿ ಗಲಾಟೆಯಾಗಿದೆ, ಒಡವೆ ಬಿಚ್ಚಿ ಚೀಲದಲ್ಲಿ ಇಟ್ಟುಕೊಳ್ಳಿ" ಎನ್ನುತ್ತಾರೆ. ಕಾಗದದಲ್ಲಿ ಕಟ್ಟಿಕೊಡುವ ನೆಪದಲ್ಲಿ ಸರ, ಬಳೆಗಳನ್ನು ಬದಲಿಸಿ ಕಲ್ಲು ಕಟ್ಟಿದ ಪೊಟ್ಟಣವನ್ನು ಹಿಂದಿರುಗಿಸುತ್ತಾರೆ. ದಾರಿಯಲ್ಲಿ ಹೋಗುವವರ ಒಡವೆ ಬಿಚ್ಚಿಸಿ ಕಟ್ಟಿಕೊಡುವುದು ಯಾವ ಪೊಲೀಸರ ಕರ್ತವ್ಯವೂ ಅಲ್ಲ ಎಂಬ ಒಂದು ಮಾತು ಮನೆಯ ಹಿರಿಯರಿಗೆ ತಿಳಿದಿದ್ದರೆ ಈ ವಂಚನೆ ಅಲ್ಲಿಗೇ ನಿಲ್ಲುತ್ತದೆ. ರೈಲು, ಬಸ್ಸುಗಳಲ್ಲಿ ಸ್ನೇಹ ಬೆಳೆಸಿ ಮತ್ತು ಬರಿಸುವ ಪದಾರ್ಥ ಬೆರೆಸಿದ ಬಿಸ್ಕತ್ತು, ಚಹಾ ಕೊಡುವುದು ಹಳೆಯ ತಂತ್ರ. ಕೊಟ್ಟದ್ದನ್ನು ಬೇಡವೆನ್ನುವುದು ಅಗೌರವವೆಂದು ಭಾವಿಸುವ ನಮ್ಮ ಸೀಮೆಯ ಸೌಜನ್ಯವೇ ಇಲ್ಲಿ ವಂಚಕರಿಗೆ ನೆರವಾಗುತ್ತದೆ. ಉಪವಾಸವಿದೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು.

ಮೊಬೈಲಿನ ಮೂಲಕ ಹಣ ಪಾವತಿಸುವ ಪದ್ಧತಿ ಬಂದ ಮೇಲೆ ನಗದು ಒಯ್ಯುವ ಅಗತ್ಯ ತಗ್ಗಿದೆ. ಆದರೆ ಹಣ ಪಡೆಯಲು ರಹಸ್ಯ ಸಂಖ್ಯೆಯನ್ನು ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಒತ್ತಬೇಕು ಎಂಬುದನ್ನು ಮರೆತವರು ಮೋಸಹೋಗುತ್ತಾರೆ. ಹೀಗೆ ಹಣ ಹೋದಲ್ಲಿ 1930 ಸಂಖ್ಯೆಗೆ ತಕ್ಷಣ ತಿಳಿಸಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಕಡಿಮೆ.

ಚಿಕಿತ್ಸೆಗಾಗಿ ಬರುವವರು

ಕಿದ್ವಾಯಿ ಗಂಥಿ ಸಂಸ್ಥೆ, ನಿಮ್ಹಾನ್ಸ್, ಜಯದೇವ ಹೃದ್ರೋಗ ಸಂಸ್ಥೆಗಳಿಗೆ ಉತ್ತರ ಕರ್ನಾಟಕದಿಂದ ರೋಗಿಗಳು ನಿತ್ಯವೂ ಬರುತ್ತಾರೆ. ಎಲ್ಲ ಪ್ರಯಾಣಿಕರಲ್ಲಿ ಇವರೇ ಹೆಚ್ಚು ದುರ್ಬಲರು. ಕೈಯಲ್ಲಿ ಸಾಲ ಮಾಡಿ ತಂದ ಹಣ, ಮನಸ್ಸಿನಲ್ಲಿ ಆತಂಕ, ಜೊತೆಯಲ್ಲಿ ನಡೆಯಲಾರದ ರೋಗಿ. ಬೇಗ ತಪಾಸಣೆ ಮಾಡಿಸುವುದಾಗಿ, ಹಾಸಿಗೆ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳು ಇವರ ಬಳಿಗೇ ಬರುತ್ತಾರೆ. ಹಣವನ್ನು ಆಸ್ಪತ್ರೆಯ ಕೌಂಟರಿನಲ್ಲಿ ಮಾತ್ರ ಕಟ್ಟಿ ರಸೀದಿ ಪಡೆಯಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅನೇಕ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಅದನ್ನೂ ಪಡಿತರ ಚೀಟಿಯನ್ನೂ ಊರಿನಿಂದಲೇ ತಂದರೆ ದೊಡ್ಡ ಮೊತ್ತದ ನಗದನ್ನು ಹೊತ್ತು ತರುವ ಪ್ರಮೇಯವೇ ತಪ್ಪಬಹುದು. ಮೂಲ ದಾಖಲೆಗಳ ನಕಲು ಪ್ರತಿಗಳನ್ನು ಬೇರೆ ಚೀಲದಲ್ಲಿ ಇಡಬೇಕು.

ಮಹಿಳೆಯರ ಸುರಕ್ಷತೆ

2016ರ ಡಿಸೆಂಬರ್ 31ರ ರಾತ್ರಿ ಮಹಾತ್ಮ ಗಾಂಧಿ ರಸ್ತೆ ಮತ್ತು ಬ್ರಿಗೇಡ್ ರಸ್ತೆಗಳಲ್ಲಿ ಹೊಸ ವರ್ಷದ ಜನಸಂದಣಿಯ ನಡುವೆ ಮಹಿಳೆಯರಿಗೆ ಕಿರುಕುಳ ನೀಡಲಾಯಿತೆಂಬ ವರದಿಗಳು ದೇಶದಾದ್ಯಂತ ಚರ್ಚೆಯಾದವು. 2017ರಲ್ಲಿ ನಗರ ಪೊಲೀಸರು ಮಹಿಳೆಯರ ನೆರವಿಗೆ ಪಿಂಕ್ ಹೊಯ್ಸಳ ಗಸ್ತು ವಾಹನಗಳನ್ನು ಆರಂಭಿಸಿದರು. ನಿರ್ಭಯಾ ನಿಧಿಯ ಸುರಕ್ಷಿತ ನಗರ ಯೋಜನೆಗೆ ಆಯ್ಕೆಯಾದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಮಹಿಳಾ ಸಹಾಯವಾಣಿ 181 ಮತ್ತು ಎಲ್ಲ ತುರ್ತು ಸಂದರ್ಭಗಳ 112 ಸಂಖ್ಯೆಗಳನ್ನು ಮೊಬೈಲಿನಲ್ಲಿ ಅಷ್ಟೇ ಅಲ್ಲದೆ ಚೀಟಿಯಲ್ಲಿಯೂ ಬರೆದುಕೊಳ್ಳಬೇಕು. ಮೊಬೈಲೇ ಕಳೆದುಹೋದಾಗ ಚೀಟಿ ಉಪಯೋಗಕ್ಕೆ ಬರುತ್ತದೆ.

ಜನಸಂದಣಿ ಮತ್ತು ಮಳೆ

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ತಂಡದ ವಿಜಯೋತ್ಸವದ ವೇಳೆ ಉಂಟಾದ ಕಾಲ್ತುಳಿತದಲ್ಲಿ 11 ಮಂದಿ ಮೃತಪಟ್ಟರು. ಗುಂಪು ಬಿಗಿಯಾಗುತ್ತಿದೆ ಎಂದು ತೋರಿದೊಡನೆ, ಕೈಯಾಡಿಸಲು ಸ್ಥಳವಿರುವಾಗಲೇ, ಅಂಚಿಗೆ ಸರಿದು ಹೊರಬರಬೇಕು. 2023ರ ಮೇ 21ರಂದು ಸುರಿದ ಮಳೆಯಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯ ನೀರಿನಲ್ಲಿ ಕಾರು ಸಿಲುಕಿ ಯುವತಿಯೊಬ್ಬರು ಸಾವನ್ನಪ್ಪಿದರು. ಆ ಕುಟುಂಬ ನಗರವನ್ನು ನೋಡಲು ಬಾಡಿಗೆ ಕಾರಿನಲ್ಲಿ ಹೊರಟಿತ್ತು. ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ ಚಾಲಕ ಧೈರ್ಯ ಹೇಳಿದರೂ ವಾಹನ ಇಳಿಸಲು ಬಿಡಬಾರದು.

ಕಾನೂನಿನ ನೆರವು

ಊರಿಗೆ ಮರಳುವ ಅವಸರದಲ್ಲಿ ದೂರು ಕೊಡದೆ ಹೋಗುವವರೇ ಬಹಳ. ಮೆಜೆಸ್ಟಿಕ್ ಸುತ್ತಮುತ್ತಲಿನ ಘಟನೆಗಳಿಗೆ ಉಪ್ಪಾರಪೇಟೆ ಪೊಲೀಸ್ ಠಾಣೆಯನ್ನೂ, ರೈಲಿನಲ್ಲಿ ನಡೆದುದಕ್ಕೆ ರೈಲ್ವೆ ಪೊಲೀಸರನ್ನೂ ಸಂಪರ್ಕಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಗಂಭೀರ ಅಪರಾಧದ ಮಾಹಿತಿ ನೀಡಬಹುದು. ಇದಕ್ಕೆ ಶೂನ್ಯ ಎಫ್‌ಐಆರ್ ಎಂಬ ಹೆಸರಿದೆ. ಬೆಂಗಳೂರಿನಲ್ಲಿ ಕಳೆದುಕೊಂಡವರು ರಾಣೆಬೆನ್ನೂರಿನಲ್ಲಿ ದೂರು ಕೊಡಲು ಅವಕಾಶವಿದೆ ಎಂದು ಇದರ ಅರ್ಥ. ದಾಖಲಾದ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ವಿದ್ಯುನ್ಮಾನ ವಿಧಾನದಲ್ಲಿ ದೂರು ಕಳಿಸಿದರೆ ಮೂರು ದಿನಗಳೊಳಗೆ ಸಹಿ ಹಾಕಬೇಕಾಗುತ್ತದೆ. ಸರ ಅಥವಾ ಮೊಬೈಲನ್ನು ಕಸಿದು ಓಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 304ನೇ ಪ್ರಕರಣ ಪ್ರತ್ಯೇಕ ಅಪರಾಧವೆಂದು ಪರಿಗಣಿಸುತ್ತದೆ.

ಕಳೆದ ಮೊಬೈಲನ್ನು ಬಳಸಲಾಗದಂತೆ ಮಾಡಲು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ, ಪೊಲೀಸ್ ದೂರಿನ ಪ್ರತಿಯೊಂದಿಗೆ, ಕೋರಿಕೆ ಸಲ್ಲಿಸಬಹುದು. ಅದಕ್ಕೆ ಸಾಧನದ 15 ಅಂಕಿಗಳ ಐಎಂಇಐ ಸಂಖ್ಯೆ ಬೇಕು. *#06# ಒತ್ತಿದರೆ ಅದು ಪರದೆಯ ಮೇಲೆ ಕಾಣುತ್ತದೆ. ಊರು ಬಿಡುವ ಮುನ್ನ ಅದನ್ನು ಬರೆದು ಮನೆಯಲ್ಲಿ ಇಟ್ಟುಬರಬೇಕು.