ಗಾಜಿನ ಮನೆಯ ಮುಖ

ಇಂಗ್ಲೆಂಡಿನ ಕೆಂಟ್ ಪ್ರಾಂತದ ಡೌನ್ ಗ್ರಾಮದಲ್ಲಿ 1842ರಿಂದ ನೆಲೆಸಿದ್ದ ಚಾರ್ಲ್ಸ್ ಡಾರ್ವಿನ್ನನ ಮನೆಯಲ್ಲಿ ಬಾಬ್ ಎಂಬ ಹೆಸರಿನ, ಕಪ್ಪು ಬಿಳುಪು ಮೈಯ ದೊಡ್ಡ ನಾಯಿಯೊಂದಿದ್ದಿತು. ಯಜಮಾನನು ತಿರುಗಾಟಕ್ಕೆ ಹೊರಟನೆಂದರೆ ಅದು ತಲೆಯನ್ನೆತ್ತಿ, ಕಿವಿಗಳನ್ನು ತುಸು ನಿಮಿರಿಸಿ, ಬಾಲವನ್ನು ಮೇಲಕ್ಕೆ ಹಿಡಿದು, ಗಂಭೀರವಾದ ಹೆಜ್ಜೆಗಳನ್ನಿಡುತ್ತ ಮುಂದೆ ಮುಂದೆ ನಡೆಯುವುದು. ಆದರೆ ಮನೆಯಿಂದ ಅನತಿದೂರದಲ್ಲಿ, ಡಾರ್ವಿನ್ನನು ಪ್ರಯೋಗಕ್ಕಾಗಿ ಸಸ್ಯಗಳನ್ನು ಬೆಳೆಸಿದ್ದ ಗಾಜಿನ ಮನೆಗೆ ಬಲಗಡೆಯಾಗಿ ಒಂದು ಕಾಲುದಾರಿ ಕವಲೊಡೆಯುತ್ತಿದ್ದಿತು. ಅವನ ಮೈ ಆ ಕಡೆಗೆ ಎಳ್ಳಷ್ಟು ವಾಲಿತೋ ಇಲ್ಲವೋ, ತಿರುಗಾಟಕ್ಕೆ ಕಲ್ಲು ಬಿದ್ದಿತೆಂದು ಬಗೆದ ಬಾಬನ ತಲೆ ತಗ್ಗಿ, ಮೈಯೆಲ್ಲ ಕುಗ್ಗಿ, ಕಿವಿಯೂ ಬಾಲವೂ ಒಮ್ಮೆಗೇ ಜೋತುಬೀಳುತ್ತಿದ್ದುವು. ಮನೆಮಂದಿ ಇದನ್ನು ‘ಗಾಜಿನ ಮನೆಯ ಮುಖ’ವೆಂದೇ ಕರೆಯುತ್ತಿದ್ದರು. ಪರೀಕ್ಷಾರ್ಥವಾಗಿ ಡಾರ್ವಿನ್ನನು ಬೇಕೆಂದೇ ಆ ಕಡೆಗೆ ವಾಲಿ ನೋಡಿದ್ದೂ ಉಂಟು. ಮನುಷ್ಯನು ನಾಯಿಯ ಮೈಯನ್ನು ಓದುವುದಕ್ಕೆ ಮೊದಲೇ ನಾಯಿ ಮನುಷ್ಯನ ಮೈಯನ್ನು ಓದಿ ಮುಗಿಸಿದ್ದಿತೆಂಬುದು ಇದರಿಂದ ವಿದಿತವಾಗುತ್ತದೆ.

ಈ ಸಂಗತಿಯನ್ನು ಅವನು, ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು 1872ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸವಿಸ್ತಾರವಾಗಿ ಬರೆದಿಟ್ಟನು. ಅಪರಿಚಿತನನ್ನು ಕಂಡ ನಾಯಿ ಸೆಟೆದು ನಿಂತು, ಬಾಲವನ್ನು ಕೋಲಿನಂತೆ ಬಿಗಿದು, ಕತ್ತಿನ ಮತ್ತು ಬೆನ್ನಿನ ರೋಮಗಳನ್ನು ನಿಮಿರಿಸಿ, ಕಿವಿಗಳನ್ನು ಮುಂದಕ್ಕೆ ಚಾಚಿ, ಎವೆಯಿಕ್ಕದೆ ನೋಡುತ್ತದೆ. ಬಂದವನು ತನ್ನೊಡೆಯನೇ ಎಂದು ಅರಿತ ಕ್ಷಣದಲ್ಲಿ ಮೈ ಬಾಗಿ ಬಳುಕಿ, ರೋಮ ಮಲಗಿ, ಕಿವಿಗಳು ಹಿಂದಕ್ಕೆ ಸರಿದು, ತುಟಿಗಳು ಸಡಿಲಗೊಂಡು, ತಗ್ಗಿದ ಬಾಲ ಅತ್ತಿತ್ತ ಓಲಾಡತೊಡಗುತ್ತದೆ. ಈ ಎರಡನೆಯ ಚೇಷ್ಟೆಗಳಿಂದ ನಾಯಿಗೆ ನೇರವಾದ ಪ್ರಯೋಜನವೇನೂ ಇಲ್ಲ, ಮೊದಲಿನ ಭಾವಕ್ಕೆ ಇದು ತೀರ ವಿರುದ್ಧವಾದ ಭಾವವಾದುದರಿಂದಲೇ ಅಂಗಗಳೂ ವಿರುದ್ಧ ದಿಕ್ಕಿಗೆ ಚಲಿಸುತ್ತವೆ ಎಂಬುದು ಅವನ ಸಿದ್ಧಾಂತ. ಸಿದ್ಧಾಂತವನ್ನು ಒಪ್ಪದವರೂ ಈ ವರ್ಣನೆಯಲ್ಲಿ ತಪ್ಪು ಹಿಡಿಯುವುದು ಕಷ್ಟ. ಏಕೆಂದರೆ ಬಾಲವೊಂದನ್ನೇ ಹಿಡಿದುಕೊಳ್ಳದೆ ಇಡೀ ದೇಹವನ್ನೂ, ಎದುರಿಗಿದ್ದವರು ಯಾರೆಂಬುದನ್ನೂ ಅವನು ಕೂಡಿಯೇ ನೋಡಿದನು.

ನಾಯಿಯ ಮೈಯನ್ನು ಓದುವ ಈ ವಿದ್ಯೆ ಆಗಲೇ ಹುಟ್ಟಿತೆನ್ನುವಂತಿಲ್ಲ. ಗಂಗರ ದೊರೆ ಬೂತುಗನು ವರ ಕೊಡುವೆನೆಂದಾಗ ಕಾಳಿಯೆಂಬ ಬೇಟೆನಾಯಿಯನ್ನೇ ಬೇಡಿದ ಮಣಲೇರನಿಗೆ, ಕಾಡುಹಂದಿಯೊಡನೆ ಹೋರಾಡಿ ಅದರೊಡನೆಯೇ ಮಡಿದ ಆ ನಾಯಿಗಾಗಿ ಕ್ರಿ. ಶ. 950ರ ಸುಮಾರಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ಆ ವೀರನಿಗೆ, ನಾಯಿಯ ಇಂಗಿತ ತಿಳಿಯದೆ ಇದ್ದೀತೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಶ್ವಾನಗಳಿಗೆಂದೇ ‘ವಿನೋದ’ವೆಂಬ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಬೇಟೆಗಾರನ ಮತ್ತು ಕುರುಬನ ಅರಿವು ಅವರವರ ಕಸುಬಿನೊಳಗೇ ಉಳಿದುದರಿಂದ ಅದು ಶಾಸ್ತ್ರವೆನಿಸಿಕೊಳ್ಳಲಿಲ್ಲ, ಅಷ್ಟೆ.

ಶಾಸ್ತ್ರವೆನಿಸಿಕೊಂಡುದು ದಾರಿ ತಪ್ಪಿದ್ದೂ ಉಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮೃಗಾಲಯದಲ್ಲಿ ಸೆರೆಯಲ್ಲಿದ್ದ ತೋಳಗಳನ್ನು ಬಹುಸೂಕ್ಷ್ಮವಾಗಿ ಗಮನಿಸಿದ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅವುಗಳ ಮುಖಭಾವ ಮತ್ತು ಬಾಲದ ಭಂಗಿಗಳ ಜೊತೆಗೆ, ಮೇಲುಗೈಗಾಗಿ ಅವು ನಡೆಸುತ್ತಿದ್ದ ಹೋರಾಟವನ್ನೂ ವರ್ಣಿಸಿದನು. ಅಮೆರಿಕದ ಡೇವಿಡ್ ಮೀಚ್ 1970ರಲ್ಲಿ ತೋಳವನ್ನು ಕುರಿತು ಬರೆದ ಗ್ರಂಥದಿಂದ ಮೇಲುಗೈಯ ಈ ಕಲ್ಪನೆ ಜನಜನಿತವಾಗಿ, ಸಾಕುನಾಯಿಗೂ ಅಂಟಿಕೊಂಡಿತು; ಯಜಮಾನಿಕೆ ಯಾರದೆಂದು ತೋರಿಸುವುದಕ್ಕಾಗಿ ನಾಯಿಯನ್ನು ಅಂಗಾತ ಕೆಡವಿ ಅದುಮಿ ಹಿಡಿಯಬೇಕೆಂದು ಬೋಧಿಸುವ ಶಿಕ್ಷಕರು ಹುಟ್ಟಿಕೊಂಡರು. ಹಾಗೆ ಅದುಮಿಸಿಕೊಂಡು ಕಿವಿಯನ್ನು ತಲೆಗೊತ್ತಿ, ಕಣ್ಣಿನ ಬಿಳಿ ತೋರುತ್ತ, ಮಿಸುಕದೆ ಬಿದ್ದಿರುವ ಪ್ರಾಣಿ ಭಯಗೊಂಡಿದೆಯೆಂಬುದು ಮಕ್ಕಳಿಗೂ ತಿಳಿಯುವಂಥದು. ಇದನ್ನು ವಿಧೇಯತೆಯೆಂದು ಓದಲು ವಿದ್ವತ್ತೇ ಬೇಕಾಯಿತು! ಕೆನಡಾದ ಎಲ್ಲೆಸ್ಮಿಯರ್ ದ್ವೀಪದಲ್ಲಿ 1986ರಿಂದ ಹಲವು ಬೇಸಗೆಗಳನ್ನು ಕಾಡುತೋಳಗಳ ನಡುವೆ ಕಳೆದ ಮೀಚನೇ, ಅಲ್ಲಿಯ ಹಿಂಡೆಂದರೆ ಮೇಲುಗೈಗಾಗಿ ಕಾದುವ ಗುಂಪಲ್ಲ, ಸಾಮಾನ್ಯವಾಗಿ ತಂದೆತಾಯಿ ಮತ್ತು ಮರಿಗಳ ಸಂಸಾರವೆಂದು 1999ರಲ್ಲಿ ಬರೆದು, ತನ್ನ ಹಳೆಯ ಗ್ರಂಥದ ಮುದ್ರಣವನ್ನು ನಿಲ್ಲಿಸಿರೆಂದು ಪ್ರಕಾಶಕರನ್ನು ಕೇಳಿಕೊಂಡನು. ಇಂಥ ಪ್ರಾಮಾಣಿಕತೆ ವಿದ್ವಾಂಸರಲ್ಲಿ ವಿರಳ.

ಮತ್ತೆ ನಾಯಿಯ ಬಾಲಕ್ಕೇ ಬಂದರೆ, ಇಟಲಿಯ ಸಂಶೋಧಕರು 30 ಸಾಕುನಾಯಿಗಳ ಬಾಲವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು 2007ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒಡೆಯನನ್ನು ಕಂಡಾಗ ಬಾಲ ನಾಯಿಯ ಬಲಕ್ಕೂ, ದರ್ಪದ ಪರಕೀಯ ನಾಯಿಯನ್ನು ಕಂಡಾಗ ಎಡಕ್ಕೂ ಹೆಚ್ಚಾಗಿ ವಾಲುತ್ತದೆ. ಬಾಲದ ಏರಿಳಿತವನ್ನೂ ಬಿಗಿತವನ್ನೂ ಅಷ್ಟು ಚೆನ್ನಾಗಿ ಬಣ್ಣಿಸಿದ ಡಾರ್ವಿನ್ನನು ಅದು ಅತ್ತಿತ್ತ ಆಡುವುದೆಂದನೇ ಹೊರತು ಯಾವ ಮಗ್ಗುಲಿಗೆ ಹೆಚ್ಚೆಂದು ಹೇಳಲಿಲ್ಲ.